ಅದೇ ಫೈಲಿನಲ್ಲೇ ತಿದ್ದು

ಮಗಳ ಎರಡನೆಯ ಜಡೆ ಅರ್ಧಕ್ಕೆ ಬಂದಿತ್ತು. ಬೆಲ್ ಸದ್ದಾಯಿತು.

ಹಾಲಿನವನೆಂದು ಬಾಗಿಲು ತೆಗೆದೆ.

ಹಾಲಿನವನಲ್ಲ.

ಬೋಳುತಲೆಯವನೊಬ್ಬ ಒಳನುಗ್ಗಿ ತಾನೇ ಚಿಲಕ ಹಾಕಿದ. ಮಗಳ ಪಕ್ಕದಲ್ಲೇ ಕೂತ. ಅವನ ಕೋಟಿನ ಒಂದು ಜೇಬು ಮಾತ್ರ ಭಾರವಾಗಿ ಜೋತುಬಿದ್ದಿತ್ತು...

"ಗಾಬರಿ ಬೇಡ ಮೇಡಂ. ಆ ಲಿಫ್ಟಿನ ರೆಕಾರ್ಡಿಂಗ್ ಓಪನ್ ಮಾಡಿ."

ಧ್ವನಿ ಪರೀಕ್ಷೆ ನನ್ನ ಕಸುಬು. ಪೊಲೀಸರು ಕಳಿಸಿದ ರೆಕಾರ್ಡಿಂಗ್‌ಗಳಲ್ಲಿ ಯಾರು ಏನೆಂದರು ಎಂದು ಕೇಳಿ ಹೇಳುತ್ತೇನೆ. ಇದು ಹೋಟೆಲೊಂದರ ಕೆಟ್ಟು ನಿಂತ ಲಿಫ್ಟಿನದು. ಒಳಗೆ ಕೆಲಸದ ಹೆಂಗಸು ಉಸಿರಿಗಾಗಿ ಒದ್ದಾಡುತ್ತಿದ್ದಳು. ಹೊರಗೆ ಮಾಲೀಕನ ದನಿ: "ಗೆಸ್ಟ್ ಹೋಗ್ಲಿ. ಆಮೇಲೆ ತೆಗೀರಿ."

ತೆಗೆದಾಗ ಅವಳ ಉಸಿರು ನಿಂತಿತ್ತು.

"ಪೊಲೀಸ್ ಹತ್ರ ಇದ್ದದ್ದು ನಿನ್ನೆ ಅಳಿಸಿಹೋಯ್ತು, ಪಾಪ," ಎಂದ. "ಉಳಿದಿರೋದು ನಿಮ್ದೊಂದೇ. ನಮ್ಮ ಯಜಮಾನ್ರ ಮಾತು ತೆಗೆದುಬಿಡಿ."

"ತೆಗೆದು ಹೊಸ ಫೈಲ್ ಮಾಡಿಕೊಡ್ತೀನಿ."

"ಹೊಸದು ಮಾಡಿದ್ರೆ ಹಳೇದು ಹಾಗೇ ಉಳಿಯುತ್ತೆ. ನನ್ನ ಕಿವೀಲೇನು ಹೂವಿದ್ಯಾ? ಅದೇ ಫೈಲಲ್ಲೇ ತಿದ್ದಿ. ಅದರ ಮೇಲೇ ಸೇವ್ ಮಾಡಿ."

ಕಂಪ್ಯೂಟರ್ ಮುಂದೆ ಕೂತೆ.

ಮಗಳು ರಿಬ್ಬನ್ ಡಬ್ಬಿಯನ್ನು ಎದೆಗವಚಿಕೊಂಡಳು. "ಅಮ್ಮಾ, ಆದ್ರೆ..."

"ಸುಮ್ನಿರು ಪುಟ್ಟಾ."

ಅವನು ಅವಳತ್ತ ತಿರುಗಿದ. ಡಬ್ಬಿಯನ್ನು ಬೆರಳಿನಿಂದ ಕುಟ್ಟಿದ.

"ಏನಮ್ಮಾ ಇದ್ರಲ್ಲಿ?"

"ರಿಬ್ಬನ್ನು."

"ಮತ್ತೆ?"

ಮಗಳು ನನ್ನತ್ತ ನೋಡಿದಳು. ನಾನು ನೋಡಲಿಲ್ಲ. ನೋಡಿದ್ದರೆ ಅವನಿಗೆ ತಿಳಿದುಬಿಡುತ್ತಿತ್ತು.

"ಬಾಚಣಿಗೆ. ಬೇಕಾ ಅಂಕಲ್?"

ಅವನು ತನ್ನ ಬೋಳುತಲೆ ಸವರಿಕೊಂಡ. ಒಂದು ಕ್ಷಣ... ನಕ್ಕ.

ಮಾಲೀಕನ ಮಾತು ಅಳಿಸಿದೆ. ಸೇವ್ ಒತ್ತಿದೆ. ಅವನು ಇಯರ್‌ಫೋನ್ ಸಿಕ್ಕಿಸಿಕೊಂಡು ಪೂರ್ತಿ ಕೇಳಿದ. ಹೆಂಗಸಿನ ಅಳು ಮಾತ್ರ ಉಳಿದಿತ್ತು.

"ಜಾಣೆ. ಜಡೆ ಮುಗಿಸಿ, ಮಗೂಗೆ ಸ್ಕೂಲಿಗೆ ಹೊತ್ತಾಯ್ತು. ಯಾವ ಸ್ಕೂಲು ಅಂತ ನಮಗೂ ಗೊತ್ತು."

ಬೂಟಿನ ಸದ್ದು ಮೆಟ್ಟಿಲಿಳಿದು ಬೀದಿ ಸೇರಿತು. ಚಿಲಕ ಹಾಕಿ ಮಗಳ ಬಳಿ ಬಂದೆ.

ನನ್ನ ಕಸುಬಿನಲ್ಲಿ ಅಸಲಿಯನ್ನು ಎಂದೂ ಮುಟ್ಟಬಾರದು. ಕೆಲಸವೆಲ್ಲ ಕಾಪಿಯ ಮೇಲೆ; ಅವನೆದುರು ತಿದ್ದಿದ್ದೂ ಕಾಪಿಯನ್ನೇ. ಮಗಳು ಬರೆಯುವ ಚಿತ್ರಗಳಿಗೂ ನಮ್ಮ ಮನೆಯಲ್ಲಿ ಇದೇ ನಿಯಮ. ಡಬ್ಬಿ ತೆರೆದೆ. ಕೆಂಪು ರಿಬ್ಬನ್ನಿನ ಕೆಳಗೆ ಅಸಲಿಯ ಪೆನ್‌ಡ್ರೈವ್ ಹಾಗೆಯೇ ಇತ್ತು.

ಮತ್ತೆ ಜಡೆ ಹಿಡಿದೆ. ಮೂರು ಎಳೆಗಳು ನನ್ನ ಕೈಗೆ ಸಿಗಲೊಲ್ಲವು.

"ಈಗ ಮಾತಾಡ್ಲಾ ಅಮ್ಮಾ?"

"ಮೆಲ್ಲಗೆ."

"ಪೊಲೀಸ್ ಹತ್ರ ಇದ್ದದ್ದನ್ನೇ ಅಳಿಸಿಬಿಟ್ರಲ್ಲಾ... ಇದನ್ನ ಯಾರಿಗೆ ಕೊಡ್ತೀಯ?"