ಸೂಜಿಗೆ ಹೆದರುವ ನರ್ಸ್

ಸೋಮವಾರ ಬೆಳಗ್ಗೆ ಆ ಪ್ರಶ್ನೆ ಓದಿದವಳೇ ನರ್ಸ್ ಕೈಯಲ್ಲಿದ್ದ ಕಾಫಿ ಕುಡಿಯುವುದನ್ನೇ ಮರೆತಳು.

“ಅಳುಮುಂಜಿ, ಈಗಲೂ ಸೂಜಿಗೆ ಹೆದರ್ತೀಯಾ?”

ಹಾಗೆ ನೋಡಿದರೆ ಅದು ಅವಳಿಗೆ ಕೇಳಿದ ಪ್ರಶ್ನೆಯೇ ಅಲ್ಲ. ಅವಳು ಬೆಳೆದ ಊರಿನ ಪ್ರಾರ್ಥನಾ ಮಂದಿರದಲ್ಲಿ, ಛತ್ರಿ ಇಡುವ ಮೂಲೆಯಲ್ಲಿ, ಒಂದು ತಿಂಗಳ ಮಟ್ಟಿಗೆ ಕಂಪ್ಯೂಟರ್ ಪರದೆಯೊಂದನ್ನು ಇಟ್ಟಿದ್ದರು. ಅದರೊಳಗೆ ನಗುಮುಖದ ಒಂದು ಗೊಂಬೆ. ವರ್ಷಕ್ಕೊಮ್ಮೆ ಹಾಕುವ ಫ್ಲೂ ಲಸಿಕೆಯ ಬಗ್ಗೆ ಯಾರು ಏನು ಕೇಳಿದರೂ ಸಮಾಧಾನವಾಗಿ ಹೇಳುವ ಸಲಹೆಗಾರ್ತಿ. ಮುಖ ಕಂಪ್ಯೂಟರಿನದು, ದನಿ ಮಾತ್ರ ಈ ನರ್ಸಿನದು. ಗೊಂಬೆಗೆ ತಿಳಿಯದ ಪ್ರಶ್ನೆಗಳು ವಾರಕ್ಕೊಮ್ಮೆ ಪಟ್ಟಿಯಾಗಿ ಅವಳಿದ್ದ ಆಸ್ಪತ್ರೆಗೆ ಬರುತ್ತಿದ್ದವು. ಅವಳು ಉತ್ತರ ರೆಕಾರ್ಡ್ ಮಾಡಬೇಕು, ಡಾಕ್ಟರಮ್ಮ ಒಪ್ಪಬೇಕು.

ಅವಳನ್ನು ಅಳುಮುಂಜಿ ಎಂದು ಕರೆದವನು ಜಗತ್ತಿನಲ್ಲಿ ಒಬ್ಬನೇ.

ಏಳನೇ ಕ್ಲಾಸು. ಶಾಲೆಯ ವರಾಂಡದಲ್ಲಿ ಇಂಜೆಕ್ಷನ್ ಸಾಲು. ಸ್ಪಿರಿಟ್ ವಾಸನೆಗೇ ಇವಳ ಜೀವ ಬಾಯಿಗೆ ಬಂದಿತ್ತು. ಹಿಂದೆ ನಿಂತಿದ್ದವನು ಸದಾ ಏನಾದರೊಂದು ಗುನುಗುವ ಹುಡುಗ, ಅದಕ್ಕೇ ಎಲ್ಲರಿಗೂ ಅವನು ಗುನುಗ. ಇವಳ ಕಿವಿಗಷ್ಟೇ ಕೇಳುವಂತೆ ಮಂದಿರದ ಪ್ರಾರ್ಥನೆಯನ್ನು ಗುನುಗಿದ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಇಂಜೆಕ್ಷನ್ ಮುಗಿದಿತ್ತು. ಆಮೇಲೆ ಅವಳು ಅತ್ತದ್ದು ನೋವಿಗಲ್ಲ, ಅವನು ನಕ್ಕದ್ದಕ್ಕೆ.

ಮಂದಿರದ ಹಾಡಿನ ಗುಂಪಿನಲ್ಲಿ ಇಬ್ಬರೂ ಕೊನೇ ಬೆಂಚಿನವರು, ಇಬ್ಬರಿಗೂ ಒಂದೇ ಪುಸ್ತಕ. ಪುಟ ತಿರುಗಿಸುವಾಗ ಬೆರಳು ತಾಕಿದರೆ ಸಾಕು, ಎರಡೂ ದನಿ ತಾಳ ತಪ್ಪುತ್ತಿದ್ದವು. ಅಯ್ಯೋ, ಎಂಥ ದಿನಗಳು ಅವು! ನರ್ಸಿಂಗ್ ಓದಲು ಅವಳು ಹೊರಟ ದಿನ ಬಸ್ ಸ್ಟ್ಯಾಂಡಿಗೆ ಬಂದವನು ಬ್ಯಾಗ್ ಎತ್ತಿಕೊಟ್ಟ, ಅಷ್ಟೇ. ಅವಳೂ ಬಾಯಿ ಬಿಡಲಿಲ್ಲ. ನೋಡನೋಡುತ್ತ ಹದಿನೆಂಟು ವರ್ಷ ಕಳೆಯಿತು. ಮದುವೆಯ ಮಾತು ಬಂದಾಗಲೆಲ್ಲ ಅವಳು ಒಂದಲ್ಲ ಒಂದು ನೆಪ ಹೇಳಿದಳು. ಅವನೂ ಒಂಟಿಯೆಂದು ಕಿವಿಗೆ ಬಿದ್ದಿತ್ತು, ಹೋಗಿ ಮಾತಾಡಿಸಲು ಮಾತ್ರ ಧೈರ್ಯ ಸಾಲಲಿಲ್ಲ.

ತಿಂಗಳು ಮುಗಿದರೆ ಪರದೆಯನ್ನು ಬಿಚ್ಚಿಕೊಂಡು ಹೋಗುತ್ತಾರೆ. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ. ರೆಕಾರ್ಡಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ಅವಳು ಗಂಟಲು ಸರಿಮಾಡಿಕೊಂಡಳು.

“ಹೂಂ, ನಂಗೂ ಸೂಜಿ ಅಂದ್ರೆ ಭಯಾನೇ. ಪಕ್ಕದಲ್ಲಿ ಕೂತು ಗುನುಗೋರು ಒಬ್ರಿದ್ರೆ ಧೈರ್ಯ ಬರುತ್ತೆ. ಈಗಲೂ ಕಾಯ್ತಿದ್ದೀನಿ.”

ಡಾಕ್ಟರಮ್ಮ ಕನ್ನಡಕದ ಮೇಲಿಂದ ಅವಳನ್ನೇ ದಿಟ್ಟಿಸಿದರು. ವೈದ್ಯಕೀಯವಾಗಿ ತಪ್ಪೇನೂ ಕಾಣುತ್ತಿಲ್ಲವೆಂದು ತುಟಿಯಂಚಿನಲ್ಲೇ ನಕ್ಕು ಒಪ್ಪಿಗೆ ಕೊಟ್ಟರು.

ಆದರೆ ಯಾರ ಗುಟ್ಟನ್ನು ಯಾರಿಗೆ ಹೇಳಬೇಕೆಂದು ಗೊಂಬೆಗೇನು ಗೊತ್ತು, ಪಾಪ! ಸೂಜಿ, ಭಯ ಎಂದವರಿಗೆಲ್ಲ ಅದೇ ಉತ್ತರ ಹೇಳಿಬಿಟ್ಟಿತು. ಅಂಕಿಅಂಶ ಕೇಳಿ ಮುಖ ತಿರುಗಿಸಿದ್ದ ಅಜ್ಜಿಯರು, ಇದಕ್ಕೂ ನಮ್ಮ ಹಾಗೇ ಭಯವಂತೆ ಕಣೇ ಎಂದು ಕರಗಿಹೋದರು.

ಲಸಿಕೆಯ ದಿನ ಮಂದಿರದ ಅಂಗಳದಿಂದ ಬೀದಿಯವರೆಗೆ ಸಾಲು. ಬಂದವರೆಲ್ಲ ಗುನುಗಲು ಜೊತೆಗೊಬ್ಬರನ್ನು ಕರೆತಂದಿದ್ದರು! ಒಬ್ಬ ತಾತನಂತೂ ಹೆಂಡತಿಯ ಪಕ್ಕ ಕೂತು ಅಪಸ್ವರ ತೆಗೆದು ಅವಳಿಂದಲೇ ಬೈಸಿಕೊಂಡ. ನರ್ಸ್ ನಗುತ್ತಲೇ ಸೂಜಿ ಚುಚ್ಚಿದಳು, ಕಣ್ಣು ಮಾತ್ರ ಗೇಟಿನ ಕಡೆಗಿತ್ತು.

ಎಲ್ಲರಿಗಿಂತ ಕೊನೆಗೆ ಬಂದವರು ಗುನುಗನ ತಾಯಿ. ಚಳಿಗಾಲವಿಡೀ ಕೆಮ್ಮುವ ಜೀವ, ಆದರೂ ಲಸಿಕೆ ಎಂದರೆ ಸುತಾರಾಂ ಒಪ್ಪದವರು. ಮಗನ ತೋಳು ಹಿಡಿದು ಎಳೆದುಕೊಂಡೇ ಬಂದರು.

“ಗುನುಗೋನನ್ನ ಕರ್ಕೊಂಡು ಬಂದಿದ್ದೀನಮ್ಮ. ನಂಗಲ್ಲ, ಆ ಪರದೆಯೊಳಗಿನ ಹುಡುಗೀಗೆ.”

ಅವನ ಕಿವಿಯ ಬಳಿ ಕೂದಲು ನರೆತಿತ್ತು. ನಾಚಿಕೆ ಮಾತ್ರ ಏಳನೇ ಕ್ಲಾಸಿನದೇ.

“ಆ ಪ್ರಶ್ನೆನ ನೀನು ಓದ್ತೀಯ ಅಂತ ಗೊತ್ತಿರ್ಲಿಲ್ಲ,” ಎಂದ. “ನಿನ್ನ ದನಿ ಕೇಳೋಕೆ ದಿನಾ ಹೋಗ್ತಿದ್ದೆ. ಲಸಿಕೆ ಬಗ್ಗೆ ಕೇಳೋದೆಲ್ಲ ಮುಗಿದು, ಅದೊಂದೇ ಉಳಿದಿತ್ತು.”

ತಾಯಿಗೆ ಲಸಿಕೆ ಹಾಕಿ ಮುಗಿಸಿದಳು. ಅವಳದೂ ಈ ವರ್ಷದ ಡೋಸ್ ಬಾಕಿಯಿತ್ತು. ಹೊಸ ಸಿರಿಂಜೊಂದನ್ನು ಜೊತೆಯ ನರ್ಸಿಗೆ ಕೊಟ್ಟು, ಅಂಗಿಯ ತೋಳು ಮಡಚಿ ಕುರ್ಚಿಯಲ್ಲಿ ಕೂತಳು. ಅವನು ಪಕ್ಕದಲ್ಲಿ ಕೂತು ಅದೇ ಪ್ರಾರ್ಥನೆ ಗುನುಗಿದ. ಎರಡನೇ ಸಾಲು ಬಂತು. ಮುಗಿಯಿತು, ಏಳಬಹುದು ಎಂದಳು ಜೊತೆಯವಳು.

“ನಿಲ್ಲಿಸ್ಬೇಡ,” ಎಂದು ಅವಳು ಅವನ ಕೈ ಹಿಡಿದುಕೊಂಡಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ಅಳುಮುಂಜಿ,” ಎಂದವನು ಹಾಡನ್ನು ಮತ್ತೆ ಮೊದಲಿನಿಂದ ಶುರುಮಾಡಿದ.