ಮುಖ್ಯಮಂತ್ರಿ ಚೆಲ್ಲಿದ ನೀರು

"ನಳಾ ಬರಾಕತ್ತೈತಿ! ಸುಂಯ್ ಅನ್ನಾಕತ್ತೈತಿ!"

ಮುತ್ತು ಗೇಟಿನ ಹತ್ತಿರದಿಂದಲೇ ಕೂಗಿದ. ಏಳನೇ ಕ್ಲಾಸಿನ ದ್ರಾಕ್ಷಾಯಿಣಿ ಪುಸ್ತಕ ಮುಚ್ಚಿ ಹೊರಗೆ ಓಡಿದಳು. ಅವಳ ಹಿಂದೆ ಇಡೀ ಕ್ಲಾಸೇ ಓಡಿತು.

ಹುಬ್ಬಳ್ಳಿಯ ಆ ಓಣಿಗೆ ಎಂಟು ದಿನಕ್ಕೊಮ್ಮೆ ನೀರು. ಶಾಲೆಯಲ್ಲಿ ನೀರು ತುಂಬಿಸುವ ಕೆಲಸ ಮಕ್ಕಳ ಮಂತ್ರಿಮಂಡಲದ್ದು. ದ್ರಾಕ್ಷಾಯಿಣಿ ಹೋದ ವಾರವಷ್ಟೇ ಚುನಾವಣೆಯಲ್ಲಿ ಗೆದ್ದು ಮುಖ್ಯಮಂತ್ರಿಯಾಗಿದ್ದಳು. ಮುತ್ತು ನೀರಿನ ಮಂತ್ರಿ. ಸೋತ ಅಮರೇಶ ವಿರೋಧ ಪಕ್ಷದ ನಾಯಕ.

ಬೆಳಿಗ್ಗೆ ಮೀಟಿಂಗಿಗೆ ಹೊರಟ ಮುಖ್ಯೋಪಾಧ್ಯಾಯಿನಿ ದೊಡ್ಡಕ್ಕೋರು, "ಇವತ್ತ ನಳಾ ಬರೂ ದಿನಾ. ಟಾಕಿ ತುಂಬಸೂ ಜವಾಬ್ದಾರಿ ನಿಂದು ನೋಡವಾ, ಮುಖ್ಯಮಂತ್ರಿ," ಎಂದಿದ್ದರು. ಅದನ್ನು ಕೇಳಿದಾಗಿನಿಂದ ದ್ರಾಕ್ಷಾಯಿಣಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಅಡುಗೆ ಕೋಣೆಯ ಹಿಂದೆ ಸಿಮೆಂಟಿನ ಟಾಕಿ. ಅದರಲ್ಲಿ ಇನ್ನೂ ಮೊಣಕಾಲಷ್ಟು ನೀರಿತ್ತು.

"ಹಳೇ ನೀರು ಚೆಲ್ರಿ! ಟಾಕಿ ತಿಕ್ಕಿ ತೊಳೀರಿ!" ಎಂದಳು ದ್ರಾಕ್ಷಾಯಿಣಿ.

ಅದೇನು ಹೊಸ ಮಾತಲ್ಲ. ನಳ ಸದ್ದು ಮಾಡಿದರೆ ಸಾಕು, ಓಣಿಯ ಮನೆಮನೆಯಲ್ಲೂ ಹಳೆಯ ನೀರು ಗಟಾರ ಸೇರುತ್ತಿತ್ತು. ದ್ರಾಕ್ಷಾಯಿಣಿಯ ಅವ್ವನೂ ಹಾಗೇ ಮಾಡುವವಳು.

"ಏ, ತಡೀರಿ," ಅಮರೇಶ ಅಡ್ಡ ಬಂದ. "ಇನ್ನಾ ಬರೇ ಗಾಳಿ ಬರಾಕತ್ತೈತಿ. ನೀರು ಬಂದ ಮ್ಯಾಲ ಚೆಲ್ಲೂಣು."

"ನೋಡ್ರಿಲೇ, ವಿರೋಧ ಪಕ್ಷ ಶುರು ಆತು! ನಾ ಹೂಂ ಅಂದ್ರ ಇಂವ ಊಹೂಂ ಅನ್ನಾಕ ಬೇಕಲ್ಲ!"

ಎಲ್ಲರೂ ಗೊಳ್ಳೆಂದು ನಕ್ಕರು. ಅಮರೇಶ ಮುಖ ಸಣ್ಣದು ಮಾಡಿಕೊಂಡು ಪಕ್ಕಕ್ಕೆ ಸರಿದ. ಮುತ್ತು ಟಾಕಿಯ ತಳದ ಬೂಚು ಎಳೆದ. ನೀರು ಗಳಗಳನೆ ಗಟಾರಕ್ಕೆ ಹರಿಯಿತು. ಉಳಿದ ತುಸು ನೀರಿನಲ್ಲೇ ಮಕ್ಕಳು ಟಾಕಿ ತಿಕ್ಕಿ ತಿಕ್ಕಿ ತೊಳೆದರು.

ಆಮೇಲೆ ಕಾದರು. ಪೈಪು ಸುಂಯ್ ಎಂದಿತು, ಬಿಕ್ಕಳಿಸಿತು, ಒಂದಿಷ್ಟು ಕೆಂಪು ನೀರು ಉಗುಳಿತು. ಅಷ್ಟೇ. ಸದ್ದು ನಿಂತುಹೋಯಿತು.

ಬಿಸಿಯೂಟದ ರಾಜಬಿ ಚಾಚಿ ಅಕ್ಕಿ ತೊಳೆಯಲು ಬಂದು ಟಾಕಿಯೊಳಗೆ ಬಗ್ಗಿ ನೋಡಿದಳು.

"ಇದ್ದ ನೀರು ಎಲ್ಲೆವಾ?"

"ಚೆಲ್ಲೇವ್ರಿ ಚಾಚಿ. ಹೊಸಾದು ಬರತೈತಿ..."

"ಬರದಿದ್ರ? ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದಂಗಾತು! ನೀರಿಲ್ಲಂದ್ರ ನಾ ಎಂಟು ದಿನಾ ಏನ್ ಬೇಯಿಸ್ಲಿ? ಮಕ್ಕಳು ಉಪಾಸ ಮನಿಗೆ ಹೋಗಬೇಕಾಗತೈತಿ."

ದ್ರಾಕ್ಷಾಯಿಣಿ ಖಾಲಿ ಟಾಕಿಯೊಳಗೆ ಮತ್ತೊಮ್ಮೆ ಇಣುಕಿದಳು. ಬೆಳಿಗ್ಗೆ ಏನೂ ತಿನ್ನದೆ ಬರುವ ಮಕ್ಕಳು ಯಾರ್ಯಾರೆಂದು ಅವಳಿಗೆ ಗೊತ್ತಿತ್ತು. ಅವರೆಲ್ಲ ಓಟು ಹಾಕಿದ್ದು ಅವಳಿಗೇ.

"ಬಂತು! ತೆಗ್ಗಿನ್ಯಾಗ ಬಂತು!" ಗೇಟಿನ ಕಡೆಯಿಂದ ಮುತ್ತು ಕೂಗಿದ.

ನೀರಿಗೆ ಜೋರಿಲ್ಲದಾಗ ಸಿಗಲೆಂದು ಗೇಟಿನ ಪಕ್ಕ ತೆಗ್ಗು ತೋಡಿ, ಅದರೊಳಗೆ ಇನ್ನೊಂದು ನಳ ಕೂಡಿಸಿದ್ದರು. ಅದರಲ್ಲಿ ಕಿರುಬೆರಳಿನಷ್ಟು ಧಾರೆ ಬೀಳುತ್ತಿತ್ತು. ಟಾಕಿಯವರೆಗೆ ಏರುವ ಶಕ್ತಿ ಆ ನೀರಿಗೆ ಇರಲಿಲ್ಲ.

ದ್ರಾಕ್ಷಾಯಿಣಿ ಕೊಡ ಹಿಡಿದು ತಾನೇ ತೆಗ್ಗಿಗೆ ಇಳಿದಳು. "ಎಲ್ಲಾರೂ ಕೊಡಾ ತೊಗೊಂಡ ಬರ್ರಿ! ಲಗೂ!"

ಬಂದರು, ಎಲ್ಲರೂ ಒಮ್ಮೆಲೇ. ನನ್ನದು ಮೊದಲು, ನನ್ನದು ಮೊದಲು ಎಂದು ಜಗಳ. ತುಂಬಿದ ಕೊಡ ಹೊತ್ತು ಓಡಿದವರು ಖಾಲಿ ಕೊಡ ತರುವವರಿಗೆ ಡಿಕ್ಕಿ ಹೊಡೆದರು. ಮುತ್ತು ಕೆಸರಿನಲ್ಲಿ ಜಾರಿ ಬಿದ್ದ. ಅವನ ಕೊಡ ಉರುಳಿ ನೀರೆಲ್ಲ ಮಣ್ಣುಪಾಲಾಯಿತು.

"ಸಾಲಾಗಿ ಬರ್ರಿ! ಏ, ನೂಕಬ್ಯಾಡ್ರಿ!" ದ್ರಾಕ್ಷಾಯಿಣಿ ಗಂಟಲು ಹರಿಯುವಂತೆ ಕೂಗಿದಳು. ಯಾರೂ ಕೇಳಲಿಲ್ಲ. ತೆಗ್ಗಿನೊಳಗಿಂದ ಅವಳಿಗೆ ಬರೀ ಕಾಲುಗಳು ಕಾಣುತ್ತಿದ್ದವು. ಯಾರು ಎಲ್ಲಿದ್ದಾರೆ, ಟಾಕಿಯಲ್ಲಿ ಎಷ್ಟು ನೀರಾಗಿದೆ, ಏನೂ ತಿಳಿಯುತ್ತಿರಲಿಲ್ಲ.

ಅವಳು ಮೇಲೆ ಹತ್ತಿ ಬಂದು ಟಾಕಿ ನೋಡಿದಳು. ತಳ ಬರೀ ಒದ್ದೆಯಾಗಿತ್ತು. ಅಳು ಬಂತು. ನಳ ಇನ್ನೆಷ್ಟು ಹೊತ್ತು ಇರುತ್ತದೋ ಯಾರಿಗೆ ಗೊತ್ತು?

ಬೇವಿನ ಮರದ ಕೆಳಗೆ ಅಮರೇಶ ಕೈಕಟ್ಟಿ ನಿಂತಿದ್ದ. ಅವನ ಮನೆಯ ನಳವೂ ತೆಗ್ಗಿನಲ್ಲೇ ಇತ್ತು; ಇಂಥ ಸಣ್ಣ ಧಾರೆ ಹಿಡಿಯುವುದು ಅವನಿಗೆ ಗೊತ್ತಿರಬೇಕು. ಕೇಳಬೇಕು, ಆದರೆ ಆಗಷ್ಟೇ ಅವನನ್ನು ಎಲ್ಲರೆದುರು ನಗೆಪಾಟಲು ಮಾಡಿದ್ದಳು. ಅಷ್ಟರಲ್ಲಿ ಮತ್ತೊಂದು ಕೊಡ ಉರುಳಿದ ಸದ್ದು ಕೇಳಿತು.

"ಅಮರೇಶ, ನೀ ಅವಾಗ ಹೇಳಿದ್ದು ಖರೇ ಇತ್ತು," ಎಂದಳು, ಎಲ್ಲರ ಎದುರೇ. "ನಾನ ಕೇಳಲಿಲ್ಲ. ಈಗ ಏನ್ ಮಾಡೂಣು?"

ಅವನು ನಗುತ್ತಾನೆಂದು ಅವಳು ಹಲ್ಲು ಕಚ್ಚಿ ನಿಂತಳು. ಅವನು ನಗಲಿಲ್ಲ.

"ಕೊಡಾ ಬದಲಿ ಮಾಡೂವಾಗ ಎಷ್ಟ ನೀರು ಮಣ್ಣಿಗೆ ಹೊಂಟೈತಿ, ನೋಡು. ನಳದ ಬುಡಕ ಒಂದು ಅಗಲ ಪಾತೇಲಿ ಇಟ್ಟುಬಿಡೂಣು. ಅದನ್ನ ತಗೀಬಾರದು. ಚರಗೀಲೆ ಅದರಾಗಿಂದ ತುಂಬಿ ಕೊಡೂಣು."

ದ್ರಾಕ್ಷಾಯಿಣಿ ಗೇಟಿನಿಂದ ಟಾಕಿಯವರೆಗೆ ಒಮ್ಮೆ ಕಣ್ಣಾಡಿಸಿದಳು. ಮೇಲಿಂದ ಎಲ್ಲವೂ ಕಾಣುತ್ತಿತ್ತು.

"ಯಾರೂ ಓಡಬ್ಯಾಡ್ರಿ. ಇದ್ದಲ್ಲೇ ಸಾಲಾಗಿ ನಿಲ್ರಿ. ಕೊಡಾ ಬ್ಯಾಡ, ಬಕೀಟು ಕೈಯಿಂದ ಕೈಗೆ ಬರ್ಲಿ. ಖಾಲಿ ಆಗಿದ್ದು ಆ ಕಡೆ ಸಾಲಿನಿಂದ ವಾಪಸ್ ಹೋಗ್ಲಿ. ಅಮರೇಶ, ತೆಗ್ಗಿನ್ಯಾಗ ನೀ ಇಳಿ."

"ನಾನಾ? ಮತ್ತ ನೀನು?"

"ಬಕೀಟು ಎಲ್ಲಿ ತಡಾ ಆಗತೈತಿ, ನಾ ಅಲ್ಲಿ ನಿಲ್ತೇನಿ."

ರಾಜಬಿ ಚಾಚಿ ತನ್ನ ದೊಡ್ಡ ಪಾತೇಲಿ ತಂದು ಕೊಟ್ಟಳು. ಸಾಲು ನಿಂತಿತು. ಬಕೀಟು ಹೊರಟಿತು. ಮೊದಲನೆಯದು ಅಕ್ಕಿಗೆ, ಆಮೇಲಿನದೆಲ್ಲ ಟಾಕಿಗೆ. ಈಗ ಯಾರೂ ಕೂಗುತ್ತಿರಲಿಲ್ಲ. ಎಲ್ಲರ ಕಿವಿ ನಳದ ಮೇಲೆ. ಮುತ್ತುವಿನ ತೋಳು ಸೋತದ್ದು ಕಂಡು ದ್ರಾಕ್ಷಾಯಿಣಿ ಅವನ ಜಾಗಕ್ಕೆ ನಿಂತಳು. ಅವನು ಸುಧಾರಿಸಿಕೊಂಡು ಬಂದ ಮೇಲೆ ಇನ್ನೊಬ್ಬರ ಜಾಗಕ್ಕೆ ಹೋದಳು.

ನಳ ಕೆಮ್ಮಿತು. ಧಾರೆ ದಾರವಾಯಿತು, ದಾರ ಹನಿಯಾಯಿತು.

"ಹೋತು," ಎಂದ ಅಮರೇಶ. ಪಾತೇಲಿಯ ತಳದ ನೀರನ್ನೂ ಬಳಿದು ಕೊಟ್ಟ.

ಎಲ್ಲರೂ ಟಾಕಿಯೊಳಗೆ ಬಗ್ಗಿ ನೋಡಿದರು. ಮೊಣಕಾಲಷ್ಟು ನೀರು. ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ.

ದ್ರಾಕ್ಷಾಯಿಣಿ ಕೈಯಲ್ಲಿದ್ದ ಬಕೀಟು ಕೆಳಗಿಟ್ಟಳು. ಅಷ್ಟು ಹೊತ್ತು ಅಷ್ಟು ಮಂದಿ ಬೆವರು ಸುರಿಸಿದ್ದು ತಾನು ಒಂದು ಮಾತಿನಲ್ಲಿ ಚೆಲ್ಲಿಸಿದ್ದನ್ನು ತಿರುಗಿ ತುಂಬಲು. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಅಡಗೀಗೆ ಸಾಕು. ಕೈ ತೊಳ್ಯಾಕ ಮನಿಂದ ಬಾಟ್ಲಿ ತರ್ರಿ," ಎಂದು ರಾಜಬಿ ಚಾಚಿ ಒಲೆಯತ್ತ ಹೋದಳು.

ಎಂಟು ದಿನ ಕಳೆದವು. ಟಾಕಿಯ ತಳದಲ್ಲಿ ಗೇಣಷ್ಟು ನೀರು ಉಳಿದಿತ್ತು. ಪೈಪು ಮತ್ತೆ ಸುಂಯ್ ಎಂದಿತು. ಮುತ್ತು ಓಡಿ ಬಂದು ಬೂಚಿನ ಮೇಲೆ ಕೈಯಿಟ್ಟ.

"ಎಳೀಲೇನು, ದ್ರಾಕ್ಷಾಯಿಣಿ?"

ಎಲ್ಲರೂ ಅವಳ ಮುಖ ನೋಡಿದರು. ಅವಳು ಮುತ್ತುವಿನ ಕೈಯ ಮೇಲೆ ತನ್ನ ಕೈ ಇಟ್ಟು ತಡೆದಳು. ಆಮೇಲೆ ಹಿಂದೆ ತಿರುಗಿ, ಗುಂಪಿನಲ್ಲಿ ಅಮರೇಶ ಎಲ್ಲಿದ್ದಾನೆಂದು ಹುಡುಕಿದಳು.

"ಅಮರೇಶ, ಇಲ್ಲಿ ಬಾ. ನೀ ಏನಂತಿ?"