ಟಿಲ್ಲಿಯ ಸೀಸದ ಮೂಟೆ

ಲಾರಿ ನನ್ನ ಮೇಲೇ ಬರುತ್ತಿತ್ತು!

ಹಿಂದೆ ಮೂರು ಟ್ರೇಲರ್... ಕಿವಿ ಹರಿಯುವ ಹಾರ್ನ್... ಅಂಥದ್ದಕ್ಕೆ ಬ್ರೇಕ್ ಅನ್ನುವುದು ಬರೀ ಹೆಸರಿಗೆ. ಹಾರಿದೆ. ಗಾಳಿಯ ಏಟಿಗೆ ಹೈವೇ ಆಚೆ ಕೆಂಪು ಮಣ್ಣಲ್ಲಿ ಮೂಗು ಊರಿ ಬಿದ್ದೆ.

ತಲೆ ಎತ್ತಿದರೆ ಡಚ್ ಟೀಮಿನ ಮೆಕ್ಯಾನಿಕ್ ಯೂಪ್. ಕೈಯಲ್ಲಿ ಕಾಫಿ.

"ಏನ್ ಗಸ್, ಬೆಳಿಗ್ಗೆ ಬೆಳಿಗ್ಗೆ ಮಣ್ಣು ತಿಂತಿದ್ದೀಯ? ನಿಮ್ಮಲ್ಲಿ ತಿಂಡಿ ಇಲ್ವಾ?"

"ಮೂಟೆ ಎಲ್ಲಿ?"

"ಯಾವ ಮೂಟೆ?"

"ನಾಟಕ ಬೇಡ!"

ವಿಷಯ ಇಷ್ಟೇ. ಆಸ್ಟ್ರೇಲಿಯಾ ಉದ್ದಕ್ಕೂ, ದಕ್ಷಿಣದ ಅಡಿಲೇಡಿಗೆ ಸೋಲಾರ್ ಕಾರುಗಳ ರೇಸ್. ನಮ್ಮ ಯೂನಿವರ್ಸಿಟಿಯ ಸೋಲಾರ್ ಕಾರು ಓಡಿಸುವವಳು ಟಿಲ್ಲಿ. ಗುಬ್ಬಚ್ಚಿ! ಪ್ರತಿ ಡ್ರೈವರೂ ಎಂಬತ್ತು ಕೆಜಿ ತೂಗಬೇಕು. ಕಮ್ಮಿ ಬಿದ್ದಷ್ಟು ಸೀಸ ಜೊತೆಗೆ ಹೊರಬೇಕು. ಸೀಲ್ ಹಾಕಿದ ಆ ಸೀಸದ ಮೂಟೆ ರಾತ್ರೋರಾತ್ರಿ ಮಾಯ! ಅದಿಲ್ಲದೆ ಕಾರು ಹೊರಡುವ ಹಾಗಿಲ್ಲ. ಮಧ್ಯಾಹ್ನದೊಳಗೆ ದಾರಿಯಲ್ಲಿರುವ ಕೂಬರ್ ಪೀಡಿ ಊರಿನ ಚೆಕಿಂಗ್ ಗೇಟ್ ಮುಟ್ಟದಿದ್ದರೆ... ಎರಡು ವರ್ಷ ಕೂತು ಕಟ್ಟಿದ ಕಾರು ಟ್ರೇಲರ್ ಏರಿ ಮನೆಗೆ.

"ನಮ್ಮ ಡ್ರೈವರ್ ತೊಂಬತ್ತು ಕೆಜಿ," ಅಂದ ಯೂಪ್. "ಇಳಿಸೋಕೆ ಅಂತ ಅವನ ಕಾಫಿಗೆ ಸಕ್ಕರೇನೇ ನಿಲ್ಲಿಸಿದ್ದೀವಿ. ನಿಮ್ಮ ಸೀಸ ತಗೊಂಡು ಉಪ್ಪಿನಕಾಯಿ ಹಾಕ್ಲಾ?"

ನ್ಯಾಯವಾದ ಮಾತು. ವಾಪಸ್ ಓಡಿದೆ.

ನಮ್ಮ ಕ್ಯಾಂಪಿನಲ್ಲಿ ನೆವಿಲ್ ಚಡ್ಡಿಯಲ್ಲೇ ವಾಚ್ ನೋಡುತ್ತಾ ನಿಂತಿದ್ದರು. ನಮ್ಮ ಮೇಲೆ ಕಣ್ಣಿಡಲು ರೇಸಿನವರು ಕಳಿಸಿದ ಅಬ್ಸರ್ವರ್.

"ಸಿಗಲಿಲ್ವಾ? ಎಂಟಕ್ಕೆ ಸ್ಟಾರ್ಟು. ರೂಲ್ಸ್ ಅಂದ್ರೆ ರೂಲ್ಸ್."

ಕಾರಿನೊಳಗಿಂದ ಟಿಲ್ಲಿ ಆಕಳಿಸಿದಳು. "ಏನ್ ಗಾಳಿ ಮಾರಾಯ! ರಾತ್ರಿಯೆಲ್ಲ ಟೆಂಟ್ ಹಿಡ್ಕೊಂಡೇ ಕೂತಿದ್ದೆ. ನೆವಿಲ್, ನಿಮ್ದು ಹೇಗೆ ಅಲ್ಲಾಡ್ಲೇ ಇಲ್ಲ?"

ನೆವಿಲ್ ತಮ್ಮ ಟೆಂಟಿನ ಬಾಗಿಲಿಗೆ ಅಡ್ಡ ನಿಂತರು. ಮುಖ ಕೆಂಪಾಯಿತು...

ಅವರ ಟೆಂಟಿಗೆ ನುಗ್ಗಿದೆ. ಮೂಲೆಯಲ್ಲಿ ನಮ್ಮ ಮೂಟೆ!

"ಕತ್ತಲೇಲಿ ಮರಳಿನ ಚೀಲ ಅನ್ಕೊಂಡೆ ಕಣಯ್ಯ... ಏಯ್, ಎತ್ತಬೇಡ! ಗೂಟ ಹೊಡೆದಿಲ್ಲ!"

ಎತ್ತಿಕೊಂಡು ಹೊರಬಂದೆ.

ಟೆಂಟ್ ಎದ್ದಿತು! ಒಂದು ಪಲ್ಟಿ... ಹೈವೇ ದಾಟಿತು... ಯೂಪ್‌ನ ಕಾಫಿ ಚೆಲ್ಲಿತು... ದಕ್ಷಿಣಕ್ಕೆ ಓಟ!

"ನನ್ನ ಪ್ಯಾಂಟೆಲ್ಲ ಅದರಲ್ಲೇ ಇದೆ! ಹಿಡೀರೋ!" ಚಡ್ಡಿಯಲ್ಲೇ ಕುಣಿದರು ನೆವಿಲ್.

"ಎಂಟಾಯ್ತು. ಅಬ್ಸರ್ವರ್ ನಮ್ಮ ಜೀಪಲ್ಲಿ ಇರ್ಲೇಬೇಕಲ್ಲ? ರೂಲ್ಸ್ ಅಂದ್ರೆ..." ಅಂದೆ.

"ಗೊತ್ತು ಬಿಡಯ್ಯ!"

ಹತ್ತಿದರು.

ಗೇಟ್ ಮುಚ್ಚುವ ಮೊದಲೇ ಮುಟ್ಟಿದೆವು. ಡಚ್ಚರು ನಮಗಿಂತ ಮುಂದೆ. ಟೆಂಟ್ ಮಾತ್ರ ದಾರಿಯುದ್ದಕ್ಕೂ ಎಲ್ಲೂ ಸಿಗಲಿಲ್ಲ...

ಅಡಿಲೇಡಿಗೆ ಅದೇ ಮೊದಲು ಮುಟ್ಟಿದ್ದರೆ, ಕಪ್ಪೂ ಅದಕ್ಕೇ ಕೊಡಲಿ. ಬ್ಯಾಟರಿಯೇ ಇಲ್ಲದೆ ಓಡಿತಲ್ಲ!